ರಂಗೀನ್ ಮಹಲಿನಲ್ಲಿ

ಚೌಬಾರದ ಹಿಂದಿನ ಓಣಿಯಲ್ಲಿ ಖುದ್ದೂಸ್
ಹಳೇ ಕ್ಯಾಮೆರಾದ ಹೊಟ್ಟೆ ಬಿಚ್ಚಿ
ಉಗುರಿನಷ್ಟಗಲದ ಸೆನ್ಸರಿನ ಮೇಲಿಂದ
ಬಣ್ಣ ಕೆರೆಯುತ್ತಾನೆ, ಹಲ್ಲುಕಡ್ಡಿಯಿಂದ, ಉಸಿರು ಹಿಡಿದು.

"ಒಂದೊಂದು ಕಣ್ಣಿಗೂ ಒಂದೊಂದು ಗಾಜು ಕಟ್ಯಾರ್ರಿ.
ಕೆಂಪಿಗೊಂದು, ನೀಲಿಗೊಂದು, ಹಸಿರಿಗೆ ಎರಡು.
ಕೆಂಪು ಕಂಡ ಕಣ್ಣಿಗೆ ಹಸಿರು ಗೊತ್ತಿಲ್ಲ,
ಬಾಜೂದವರನ್ನ ಕೇಳಿ ಅಂದಾಜು ಹೇಳ್ತದ.
ನಿಮ್ಮ ಕಲರ್ ಫೋಟೊದಾಗ ಮೂರರಾಗ ಎರಡು ಪಾಲು
ಬರೇ ಊಹಾ."

ಮೂಲೆಯೊಂದು ಗೀರಿಹೋಯಿತು. ಹೋಗಲಿ ಅಂದೆ.

ಸಂಜೆ ಕೋಟೆಗೆ ಹೋದೆ.
ರಂಗೀನ್ ಮಹಲಿನ ಬೀಗ ತೆಗೆದ ಮಾಣಿಕಪ್ಪ
ಪರದೆಯಲ್ಲಿ ಇಣುಕಿ ನಕ್ಕ:
"ಇಲ್ಲಿಗೇ ತರಬೇಕಿತ್ತೇನ್ರಿ ಇದನ್ನ?"

ಅವನ ಕೆಂಪು ರುಮಾಲು, ಹೊರಗಿನ ಬೇವು,
ಎರಡೂ ಒಂದೇ ಬೂದಿ.
ಯಾವುದು ಯಾವುದೆಂದು ಕ್ಯಾಮೆರಾ ಹೇಳುವುದಿಲ್ಲ,
ಬಾಜೂದವರಿಗೂ ಗೊತ್ತಿಲ್ಲ.

ಒಳಗೆ, ದೀಪವಿಲ್ಲದ ಕೋಣೆಯಲ್ಲಿ,
ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು.
ಹಿಂದೆ ನನ್ನ ಕಲರ್ ಕ್ಯಾಮೆರಾ ಕಾಳುಕಾಳಾಗಿ ತೊದಲಿದ ಬಳ್ಳಿ
ಎಲೆ ಎಲೆಯಾಗಿ ಬಂತು,
ಉಳಿ ಜಾರಿದ ಗೆರೆ ಸಹಿತ.

ಮಾಣಿಕಪ್ಪ ಮತ್ತೆ ಇಣುಕಿದ.
"ಹದಿನೆಂಟು ವರ್ಷ ಕಸ ಹೊಡೆದೀನಿ,
ಈ ಗೀರು ನೋಡಿರ್ಲಿಲ್ಲ" ಅಂದವನೇ
ಗೋಡೆಗೆ ಬೆರಳಿಟ್ಟು ಹುಡುಕತೊಡಗಿದ.