ತಟ್ಟೆಯ ಮೇಲೆ ಕೂತಿದ್ದು

ಸೆಕೆಂಡ್ ಶೋ ಬಿಟ್ಟಾಗ ಹನ್ನೆರಡೂವರೆ.
ಹಾಸನದ ಬಿ.ಎಂ. ರಸ್ತೆ ತುಂಬ ಮಂಜು,
ಒಂದೇ ಒಂದು ಚಹಾದ ಗಾಡಿ, ಅದರ ಸ್ಟವ್ವಿನ ಸುಯ್ಯಾಟ,
ಮತ್ತೆ ನಾವು ನಾಲ್ವರು, ಟಿಕೆಟ್ಟಿನ ದುಡ್ಡಿಗಿಂತ ಜಾಸ್ತಿ ಸಿಟ್ಟು.

"ಹಾಳು ಮಾಡಿಬಿಟ್ರು ಕಣ್ರೀ" ಅಂದ ಜಬೀವುಲ್ಲಾ,
ಕಟ್ಟಿನಕೆರೆ ಮಾರ್ಕೆಟ್ಟಿನ ಆಲೂಗಡ್ಡೆ ಮಂಡಿಯವನು.
ತಕ್ಕಡಿ ಹಿಡಿದು ಹಳತಾದ ಕೈ
ಗಾಳಿಯಲ್ಲೇ ಮೇಲೆ ಕೆಳಗೆ ಆಡುತ್ತಿತ್ತು.
"ಬರೀ ತಟ್ಟೆ ಇಳೀಬೇಕು. ಯಾರೂ ಇರಬಾರದು.
ದಿನಕ್ಕೊಂದು ಕೂದಲೆಳೆಯಷ್ಟು, ಅಷ್ಟೇ.
ಮರುಳಯ್ಯನೋರ ದೆವ್ವ ಅಂದ್ರೆ ಅದು.
ಇವರೋ, ಬಿಳಿ ಸೀರೆ ಉಡಿಸಿ, ಗೆಜ್ಜೆ ಕಟ್ಟಿ
ದಢಾರ್ ಅಂತ ತಂದು ಕೂರಿಸಿದ್ರು!"

"ಸೀರಿಯಲ್ಲೇ ವಾಸಿ" ಅಂದ ದೊರೆರಾಜು.
"ಒಂಬತ್ತನೇ ಕಂತಿಗೆ ಊರಿಗೂರೇ ಕರೆಂಟು ಹೋಗಿ
ಕತ್ತಲಲ್ಲಿ ಕೂತು ನಾವೇ ಮುಗಿಸ್ಕೊಂಡ್ವಲ್ಲ,
ಹದಿಮೂರರಲ್ಲಿ ಅದೊಂದೇ ಒಳ್ಳೇ ಕಂತು."

ನಾನು ನಕ್ಕೆ. ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ
ಬಾಡಿಗೆ ಪುಸ್ತಕದಂಗಡಿ ಇಟ್ಟಿದ್ದವನು ನಾನು,
ದಿನಕ್ಕೆ ಐವತ್ತು ಪೈಸೆ, ಮಡಚಿದರೆ ದಂಡ.
ಮರುಳಯ್ಯನವರ ಆ ಪುಸ್ತಕ ನನ್ನಲ್ಲಿದ್ದದ್ದು ಒಂದೇ ಪ್ರತಿ.
ಇವರೆಲ್ಲ ಓದಿದ್ದು ಅದನ್ನೇ,
ಕೊನೆಯ ಹಾಳೆ ಇಲ್ಲದ್ದನ್ನು.

"ರಾಚಪ್ಪ ಲಾಂದ್ರ ಎತ್ತಿ ತಕ್ಕಡಿಯತ್ತ ನೋಡಿದ.
ತಟ್ಟೆಯ ಮೇಲೆ ಕೂತಿದ್ದು"
ಅಲ್ಲಿಗೆ ಪುಟ ಮುಗಿಯುತ್ತಿತ್ತು,
ಆಮೇಲೆ ಹರಿದ ಅಂಚು, ದಾರ, ಗೋಂದು.

ಹತ್ತೊಂಬತ್ತು ವರ್ಷದಿಂದ
ಜಬೀವುಲ್ಲಾನ ತಟ್ಟೆಯ ಮೇಲೆ
ಅವನು ತೂಕದಲ್ಲಿ ಮೋಸ ಮಾಡಿದ ಜಾವಗಲ್ಲಿನ ರೈತ.
ದೊರೆರಾಜುವಿನದರ ಮೇಲೆ ದೊರೆರಾಜುವೇ,
ಬೆನ್ನು ತೋರಿಸಿಕೊಂಡು.
ನನ್ನದರ ಮೇಲೆ ಯಾರೆಂದು ಹೇಳುವುದಿಲ್ಲ.
ಇವತ್ತು ಪರದೆ ನಮ್ಮೆಲ್ಲರನ್ನೂ ಎಬ್ಬಿಸಿ
ಆ ಗೆಜ್ಜೆಯವಳನ್ನು ಕೂರಿಸಿತು.
ಸಿಟ್ಟು ಬಂದದ್ದು ಅದಕ್ಕೇ.

"ಹರಿದೋನು ಸಿಕ್ಕಿದ್ರೆ" ಅಂತ ಜಬೀವುಲ್ಲಾ ಶುರು ಮಾಡಿದ.
"ಹರಿದಿದ್ದು ನಾನು" ಅಂದರು ಫಿಲೋಮಿನಾ ಸಿಸ್ಟರ್.

ಅಷ್ಟು ಹೊತ್ತೂ ಅವರು ಚಹಾ ಆರಿಸುತ್ತ ಕೂತಿದ್ದರು.
ದೊರೆರಾಜು ಗ್ಲಾಸು ಕೆಳಗಿಟ್ಟ.
"ಹಂಗಾದ್ರೆ ಓದಿದೀರ! ಏನಿತ್ತು? ಯಾರು ಕೂತಿದ್ರು?"

"ನೈಟ್ ಡ್ಯೂಟಿ. ಹೆರಿಗೆ ವಾರ್ಡು. ಎರಡೂವರೆ ಇರಬಹುದು.
ಓದ್ತಾ ಓದ್ತಾ ಆ ಸಾಲಿಗೆ ಬಂದು ತಲೆ ಎತ್ತಿದೆ.
ಎದುರಿಗೇ ಮಕ್ಕಳ ತಕ್ಕಡಿ.
ಅವತ್ತು ಸಂಜೆ ಅದರಲ್ಲಿ ಒಂದನ್ನ ತೂಗಿದ್ದೆ.
ಅಳಲಿಲ್ಲ ಅದು.
ಎರಡು ಕೇಜಿ ನೂರು ಗ್ರಾಮು. ರಿಜಿಸ್ಟರಲ್ಲಿ ಬರೆದೆ.
ಹಾಳೆ ಮಗುಚಲಿಲ್ಲ ನಾನು.
ಹಂಗೇ ಕಿತ್ತು,
ಸಿರಿಂಜು ಕುದಿಸೋ ಸ್ಟವ್ವಿಗೆ ಹಾಕ್ದೆ."

ಮಂಜಿನೊಳಗೆ ಅರಸೀಕೆರೆಯ ಬಸ್ಸೊಂದು ಹೋಯಿತು,
ಲೈಟು ಮಾತ್ರ ಕಂಡಿತು.

ನನಗೆ ಗೊತ್ತಿತ್ತು. ನನ್ನ ಖಾತೆಯಲ್ಲಿ
ಅವರ ಹೆಸರಿಗೆ ಮುಂಚೆ ಪುಸ್ತಕ ಇಡಿಯಾಗಿತ್ತು.
ದಂಡ ಬರೆಯಲು ಪೆನ್ನೂ ತೆರೆದಿದ್ದೆ.
ಆದರೆ ಹಿಂತಿರುಗಿಸುವಾಗ ಅವರು
ಹೊಸ ಖಾಕಿ ರಟ್ಟು ಹಾಕಿ, ಮೂಲೆ ಮಡಚಿ,
ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟಿದ್ದರು,
ಒಂದು ಕೈ ಅಡಿಗೆ, ಒಂದು ತಲೆಯ ಕಡೆಗೆ.
ಯಾಕೆ ಹಾಗೆ ಹಿಡಿದರೆಂದು ಇವತ್ತಿನವರೆಗೆ ಯೋಚಿಸಿರಲಿಲ್ಲ.

ಚಹಾದ ದುಡ್ಡು ಜಬೀವುಲ್ಲಾ ಕೊಟ್ಟ. ಮಾತಿಲ್ಲ.
ಸಿನಿಮಾದ ಸುದ್ದಿ ಆಮೇಲೆ ಯಾರೂ ಎತ್ತಲಿಲ್ಲ.

ಬೆಳಗ್ಗೆ ಮಂಡಿಗೆ ಹೋದೆ.
ಮೊದಲ ಗಿರಾಕಿ ಬರುವ ಮುಂಚೆ ಅವನು
ತಟ್ಟೆಯ ಮಣ್ಣು ಒರೆಸಿ,
ಬರಿದಾದ ಅದರ ಅಡಿಗೆ ಅಂಗೈ ಕೊಟ್ಟು
ಹಿಡಿದುಕೊಂಡು ನಿಂತಿದ್ದ.
ನನ್ನನ್ನು ನೋಡಿ ಕೈ ತೆಗೆದ. "ಎಷ್ಟು ಹಾಕ್ಲಿ?"

ಎರಡು ಕೇಜಿ ಅನ್ನಲು ಹೋದವನು
ಮೂರು ಅಂದೆ.