ಕಡಲಿಗೆ, ಕಡಲಲ್ಲಿ

ಮಂಗಳವಾರ ಸಂಜೆ ಆರಕ್ಕೆ ಗ್ರಿಮ್ಸ್‌ಬಿ ಲೈಬ್ರರಿಯ ಮಹಡಿಯಲ್ಲಿ
ನಾವು ಏಳು ಜನ. ಫ್ಯಾಕ್ಟರಿಯಿಂದ ನೇರ ಬರುವವರು ನಾನು ಮತ್ತು ರಸಾ.
ಎಷ್ಟು ನಿಂಬೆ ಉಜ್ಜಿದರೂ ಬೆರಳು ಬಿಡದ ಹ್ಯಾಡಕ್ ವಾಸನೆ.
ಉಳಿದವರು ಕಿಟಕಿ ಒಂದಿಷ್ಟು ತೆರೆಯುತ್ತಾರೆ,
ಏನೂ ಅನ್ನುವುದಿಲ್ಲ.

ಡೊರೀನ್ ಟೀಚರು, ಎಪ್ಪತ್ತು ದಾಟಿದವರು,
ಬೋರ್ಡಿನ ಮೇಲೆ ಎರಡು ಸಾಲು ಬರೆದು ತಿರುಗುತ್ತಾರೆ:
'ಆನ್ ದ ವೇ', 'ಇನ್ ದ ವೇ'.
ಹೇಳಿ, ಏನು ವ್ಯತ್ಯಾಸ?

ನನಗೆ ಗೊತ್ತು. ಗೊತ್ತಾದದ್ದು ಪೆಟ್ಟು ತಿಂದು.
ಹಿಮ ಬಿದ್ದ ದಿನ ಬಸ್ಸಿನಿಂದ ಸೂಪರ್‌ವೈಸರನಿಗೆ ಫೋನ್ ಮಾಡಿ
'ಐ ಆಮ್ ಇನ್ ದ ವೇ' ಅಂದಿದ್ದೆ, ದಾರಿಯಲ್ಲಿದ್ದೇನೆ ಅಂತ.
'ಅದು ಯಾವತ್ತೂ ಇದ್ದದ್ದೇ' ಅಂದ ಆತ.
ಅವನ ಹಿಂದಿನಿಂದ ನಗು ಕೇಳಿತು, ಐಸಿನ ಮೇಲೆ ಬುಟ್ಟಿ ಮೀನು ಸುರುವಿದ ಹಾಗೆ.
ದಾರಿಯಲ್ಲಿ ಅಲ್ಲ, ದಾರಿಗೆ ಅಡ್ಡ.
ಅಷ್ಟು ತಿಳಿಯಲು ಒಂದು ವಾರ ಹಿಡಿಯಿತು.

ನಮ್ಮಲ್ಲಿ ಇಷ್ಟು ರಗಳೆ ಇಲ್ಲ ಟೀಚರೇ.
ಒಂದು 'ಅಲ್ಲಿ' ಸಾಕು: ಡಬ್ಬಿಯಲ್ಲಿ, ಗೋಡೆಯಲ್ಲಿ, ಮೇ ತಿಂಗಳಲ್ಲಿ, ಸಿಟ್ಟಿನಲ್ಲಿ.
ಪದದ ಸೊಂಟಕ್ಕೆ ಅಂಟಿ ಕೂರುತ್ತದೆ ಕೂಸಿನ ಹಾಗೆ.
ನಿಮ್ಮ ಇನ್, ಆನ್, ಅಟ್ ಮಾತ್ರ
ಡಾಕಿನ ಗೇಟಿನವರ ಹಾಗೆ ಮುಂದೆಯೇ ನಿಂತು
ಪಾಸು ತೋರಿಸು ಅನ್ನುತ್ತವೆ.
ಇದನ್ನೆಲ್ಲ ಹೇಳಬೇಕೆಂದಿದ್ದೆ.
ಹೇಳುವಷ್ಟು ಇಂಗ್ಲಿಷ್ ಬಾಯಿಗೆ ಬರಲಿಲ್ಲ.

ಮುಂದಿನ ಜೋಡಿ 'ಆನ್ ಟೈಮ್', 'ಇನ್ ಟೈಮ್'.
ಬಸ್ಸು ಹೇಳಿದ ಹೊತ್ತಿಗೆ ಬಂದರೆ ಆನ್,
ಬಾಗಿಲು ಮುಚ್ಚುವುದರೊಳಗೆ ನೀವು ಹತ್ತಿದರೆ ಇನ್.
ಯೂಸುಫ್ ಬರೆದುಕೊಂಡ, ಅಡಿಗೆರೆ ಎಳೆದ,
ಈ ಊರಲ್ಲಿ ಮೊದಲನೆಯದು ಯಾರಿಗೆ ಬೇಕು ಎಂದು ಕೇಳಿದ.
ನಕ್ಕೆವು.

ಆಮೇಲೆ 'ಇನ್ ದ ಸೀ', 'ಅಟ್ ಸೀ'.
ಬರೆದವರು ಪೆನ್ನಿಗೆ ಮುಚ್ಚಳ ಹಾಕಲು ಮರೆತರು.
ನನ್ನಪ್ಪ ಟ್ರಾಲರಿನಲ್ಲಿದ್ದ, ಅಂದರು. ಐಸ್‌ಲ್ಯಾಂಡಿನ ಕಡೆ, ಹೋದರೆ ಮೂರು ವಾರ.
ಕೇಳಿದವರಿಗೆಲ್ಲ ಅಮ್ಮನ ಉತ್ತರ, 'ಹಿ ಈಸ್ ಅಟ್ ಸೀ'.
ನನಗೆ ಒಂಬತ್ತು ತುಂಬಿದ ಫೆಬ್ರವರಿ, ದೋಣಿ ಮುಳುಗಿತು.
ಪಾದ್ರಿ ಬಂದರು, ಕಂಪನಿಯವರು ಬಂದರು,
ಅಮ್ಮ ಅವರಿಗೂ ಚಹಾ ಕೊಟ್ಟು ಅದನ್ನೇ ಹೇಳಿದಳು.
ಮೂವತ್ತೊಂದು ವರ್ಷ ಹೇಳಿದಳು,
ಜನಗಣತಿಯವನಿಗೂ, ಹಾಲಿನವನಿಗೂ.
ಒಮ್ಮೆಯೂ 'ಇನ್' ಅನ್ನಲಿಲ್ಲ.
ವ್ಯಾಕರಣದಲ್ಲಿ ತಪ್ಪಿಲ್ಲ, ಅಂದರು ಡೊರೀನ್, ಮುಚ್ಚಳ ಹುಡುಕುತ್ತ. ಬರೆದುಕೊಳ್ಳಿ.

ಯಾರೂ ಬರೆದುಕೊಳ್ಳಲಿಲ್ಲ.

ನಾನು ಗಂಗೊಳ್ಳಿಯವಳು. ವಾಪಸು ಬಸ್ಸಿನಲ್ಲಿ ಕೂತಾಗ ನೆನಪಾಯಿತು:
ಒಂದು 'ಅಲ್ಲಿ' ನಮಗೂ ಸಾಕಾಗಿರಲಿಲ್ಲ.
ಚಿಕ್ಕಪ್ಪ ಎಲ್ಲಿ ಅಂದರೆ, ಕಡಲಿಗೆ ಹೋಗಿದ್ದಾನೆ.
ಆ 'ಗೆ'ಯ ತುದಿಯಲ್ಲಿ ಹಗ್ಗವಿತ್ತು,
ಎಳೆದರೆ ದಡಕ್ಕೆ ಬರುವಂಥದು.
ಆಗಸ್ಟಿನಲ್ಲಿ, ನಾಡದೋಣಿ ಮಗುಚಿ ನಾಲ್ಕನೆಯ ದಿನ,
ನೆರೆಮನೆಯಾಕೆ ಯಾರಿಗೋ ಹೇಳುತ್ತಿದ್ದಳು: ಕಡಲಲ್ಲಿ ಹೋದ.
ಅಜ್ಜಿ ಮೀನಿನ ಬುಟ್ಟಿ ಕೆಳಗಿಟ್ಟಳು.
'ಕಡಲಿಗೆ' ಅನ್ನು, ಅಂದಳು.
ಕಡಲಿಗೆ.
ಅಜ್ಜಿಗೆ ಕಿವಿ ಮಂದವಾಗಿದೆ ಅಂದುಕೊಂಡಿದ್ದೆ ನಾನು,
ಆಗ ಏಳನೆಯ ಕ್ಲಾಸು, ವಿಭಕ್ತಿಗಳು ಬಾಯಿಪಾಠ.

ಮುಂದಿನ ವಾರಕ್ಕೆ ಏನು ಕೊಟ್ಟರು, ರಸಾ ಕೇಳಿದಳು,
ಕಿಟಕಿಗೆ ತಲೆಯಾನಿಸಿ, ಅರೆನಿದ್ದೆಯಲ್ಲಿ.
'ಇನ್ ದಿ ಎಂಡ್', 'ಅಟ್ ದಿ ಎಂಡ್', ಅಂದೆ.
ನನಗೆ ಎರಡೂ ಕೊನೆಯಲ್ಲಿಯೇ.
ನಾಳೆ ಐದಕ್ಕೆ ಶಿಫ್ಟು.