ಕತ್ತರಿಸಿದ ಅರ್ಧ ಸೆಕೆಂಡು

ಟಾಂಪೆರೆಯ ಹಳೇ ನೂಲಿನ ಗಿರಣಿ, ಮೂರನೇ ಮಹಡಿ.
ಮಗ್ಗಗಳು ಹೋದವು, ನಾವು ಒಂಬತ್ತು ಜನ ಬಂದೆವು.
ಮೂರೂವರೆಗೇ ಕತ್ತಲಾಗುವ ನವೆಂಬರಿನಲ್ಲಿ
ಗುರುಗ್ರಹದ ಯಾವುದೋ ಚಂದ್ರನಿಗೆ
ಬೆಳಕು ಹಚ್ಚುತ್ತ ಕೂತೆವು.

ಆರು ಕಾಲಿನ ವೈರಿಯನ್ನು ಬರೆದವಳು ಸಿರ್ಕಾ.
ಅದಕ್ಕೆ ನಡಿಗೆ ಕಲಿಸಿದವನು ತೊರ್ಸ್ತಿ.
ಬಂದೂಕಿಗೆ ದನಿ ಕೊಟ್ಟವಳು ನಾನು:
ಹೆಪ್ಪುಗಟ್ಟಿದ ಸರೋವರ ಚಳಿಗಾಲದ ಕೊನೆಗೆ
ಬಿರುಕು ಬಿಡುವಾಗ, ಹೊಟ್ಟೆ ಹಚ್ಚಿ ಮಲಗಿ
ಮೈಕು ಇಳಿಸಿ ಹಿಡಿದ ಸದ್ದು.
ಮೇಲೊಂದು ಒಗ್ಗರಣೆ,
ಸಿರ್ಕಾಳ ಹೊಲಿಗೆ ಯಂತ್ರ.

ಸಾಯುವ ದನಿ ಮಾತ್ರ ಸಿಗಲಿಲ್ಲ.
ಹಂದಿ, ತುಕ್ಕು ಹಿಡಿದ ಬಾಗಿಲು, ಒದ್ದೆ ಕೈಗವಸು,
ಯಾವುದೂ ಸರಿಯಾಗಿ ಸಾಯಲಿಲ್ಲ.
ರಾತ್ರಿ ಹನ್ನೊಂದಕ್ಕೆ ತೊರ್ಸ್ತಿ
ಪೊರಕೆ ಬಕೆಟ್ಟಿನ ಕೋಣೆಯೊಳಗೆ ಹೊಕ್ಕ,
ಬಾಯಲ್ಲಿ ಅರ್ಧ ಏಲಕ್ಕಿ ಬನ್ನು.
‘ಹೂಂ ರೈಲಿ, ಹೊಡಿ’ ಅಂದ.
ಬೆರಳು ಚಾಚಿ ಢಂ ಅಂದೆ.

ಸತ್ತ.
ಹೇಗೆ ಸತ್ತನೆಂದರೆ
ಕೆಳಗಿನಿಂದ ಕಾವಲುಗಾರ ಓಡಿ ಬಂದ.
ಆಮೇಲೆ ನಕ್ಕ, ಮೈಕಿನ ತುಂಬ ಬನ್ನಿನ ಪುಡಿ.

ನಗುವನ್ನು ಕತ್ತರಿಸಿದೆ. ನನ್ನ ಕೆಲಸವೇ ಅದು.
ಪರದೆಯ ಮೇಲೆ ಸದ್ದೆಂದರೆ ಗುಡ್ಡಸಾಲು;
ಒಂದರ ಇಳಿಜಾರಿಗೂ ಮುಂದಿನದರ ಏರಿಗೂ ನಡುವೆ
ಗೆರೆ ಎಳೆದು
ಆಚೆಯದನ್ನು ಅಳಿಸಿದೆ.

ಮೂರು ವರ್ಷ. ಎರಡು ಮದುವೆ ಮುರಿದವು.
ದುಡ್ಡು ಹಾಕಿದವರು ಅಕ್ಟೋಬರ್ ಅಂದರು,
ಅಕ್ಟೋಬರಿನಲ್ಲೇ ಬಿಟ್ಟೆವು, ಐದನೇ ಹಂತದಲ್ಲಿ
ಗೋಡೆಯೊಳಗೆ ಸಿಕ್ಕಿಕೊಂಡು ಒದ್ದಾಡುವ ವೈರಿಗಳ ಸಮೇತ.

ಪತ್ರಿಕೆಗಳು ಬಂದವು.
ಹತ್ತಕ್ಕೆ ಆರು. ಹತ್ತಕ್ಕೆ ಐದೂವರೆ.
ಕಥೆಯಿಲ್ಲ, ಬಂದೂಕು ಚೆನ್ನಾಗಿದೆ.
(ಆ ಪುಟವನ್ನು ನಾನಿನ್ನೂ ಇಟ್ಟುಕೊಂಡಿದ್ದೇನೆ.)
ಹ್ಯಾಂಬರ್ಗಿನ ಒಬ್ಬ ಮಾತ್ರ ಬರೆದ:
‘ಈ ವೈರಿಗಳು ಸಾಯುವಾಗ
ಇನ್ನೇನು ನಕ್ಕುಬಿಡುವಂತೆ ಕೇಳುತ್ತದೆ. ಗಂಭೀರ ದೋಷ.’
ತೊರ್ಸ್ತಿ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.
ನನಗೆ ಸಿಟ್ಟು. ಮತ್ತೆ ತೆರೆದು ಕೇಳಿದೆ.
ಹೌದು, ಕೂದಲೆಳೆಯಷ್ಟು ಉಸಿರು
ಗೆರೆಯ ಈಚೆಗೇ ಉಳಿದುಬಿಟ್ಟಿತ್ತು.
ತಿದ್ದುವಷ್ಟರಲ್ಲಿ ಕಂಪನಿ ಮುಚ್ಚಿತು.

ಮೂರನೇ ಮಹಡಿಯಲ್ಲೀಗ ಹಲ್ಲಿನ ಡಾಕ್ಟರು.
ತೊರ್ಸ್ತಿ ಹೋದ ಚಳಿಗಾಲ ತೀರಿಕೊಂಡ.
ಮಗಳು ಹಿಲ್ಲಾ ಬಂದು ಕೇಳಿದಳು:
‘ಅಪ್ಪನ ದನಿ ಎಲ್ಲಾದರೂ ಇದೆಯಾ?
ಅವರು ಬರೀ ಮೆಸೇಜು ಕಳಿಸುತ್ತಿದ್ದರು.’

ಹಳೇ ಕಂಪ್ಯೂಟರು ಹುಡುಕಿ ಆಟ ಹಾಕಿದೆವು.
ಎರಡನೇ ಹಂತ, ನೀಲಿ ಕಣಿವೆ.
ಅದು ಬಂತು. ಎಡಗಡೆಯ ನಡುಗಾಲು ತುಸು ಕುಂಟು.
ಇಪ್ಪತ್ತು ವರ್ಷ ಅದನ್ನೂ ದೋಷವೆಂದೇ ತಿಳಿದಿದ್ದೆ;
ಅದು ಮೆಟ್ಟಿಲು ಹತ್ತುವ ತೊರ್ಸ್ತಿ.

ಹಿಲ್ಲಾ ಬಂದೂಕು ಇಳಿಸಿದಳು.
ಅದು ಅವಳನ್ನು ಮೂರು ಸಲ ಕೊಂದಿತು.
‘ಹೊಡೆಯದೆ ಅವನು ಮಾತಾಡುವುದಿಲ್ಲ’ ಅಂದೆ,
ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ನಾಲ್ಕನೇ ಸಲ ಕಣ್ಣು ಮುಚ್ಚಿ ಒತ್ತಿದಳು.
ಸರೋವರ ಬಿರಿಯಿತು.
ಆ ಕೂಗು, ಅದರ ಬಾಲಕ್ಕೆ ಆ ಕೂದಲೆಳೆ ಉಸಿರು.
‘ಆಮೇಲೆ?’ ಅಂದಳು.
ಹೇಳಿದೆ: ಪೊರಕೆ, ಬನ್ನು, ಏದುಸಿರಿನ ಕಾವಲುಗಾರ.
ಅವನಂತೆ ನಕ್ಕು ತೋರಿಸಲು ಹೋದೆ, ಬರಲಿಲ್ಲ.

ಕಣಿವೆಯ ಆ ತುದಿಯಿಂದ
ಇನ್ನೊಂದು ಕುಂಟುತ್ತ ಬರುತ್ತಿತ್ತು.
ನನ್ನ ಕೈ ತಾನಾಗಿ ಗುಂಡಿಯತ್ತ ಹೋಯಿತು.
‘ತಡಿ’ ಅಂದಳು ಹಿಲ್ಲಾ,
‘ಹತ್ತಿರ ಬರಲಿ.’